ಎಂಟು ತಿಂಗಳ ಕತ್ತೆಮರಿ ಚಪ್ಪಡಿ ಕಲ್ಲು ದಾಟುತ್ತಿಲ್ಲ. ಹೊಡೆಯದೆ ಕಲಿಸೋದು ಹೇಗೆ?

ಹುಣಸೆತೋಪು (ಮಧುಗಿರಿ ಕಡೆ)

ಎಲ್ಲರಿಗೂ ನಮಸ್ಕಾರ. ಇಲ್ಲಿ ಎಮ್ಮೆ, ಮೇಕೆ, ನಾಟಿ ಕೋಳಿ ಬಗ್ಗೆ ತುಂಬಾ ಓದಿದ್ದೇನೆ. ಕತ್ತೆ ಬಗ್ಗೆ ಯಾರೂ ಕೇಳಿದ್ದು ಕಾಣಲಿಲ್ಲ. ಅದಕ್ಕೇ ಕೇಳುತ್ತಿದ್ದೇನೆ.

ನಮ್ಮದು ಮಿಡಿಗೇಶಿ ಕಡೆ ಮೂರು ಎಕರೆ ಹೊಲ. ಅರ್ಧ ರಾಗಿ, ಉಳಿದದ್ದು ಕಡಲೆಕಾಯಿ, ಅವರೆ. ಬದುವಿನ ಮೇಲೆ ಎಂಟು ಹುಣಸೆ ಮರ. ಹೊಲ ಇರೋದು ಬಂಡೆಗುಡ್ಡದ ಬುಡದಲ್ಲಿ. ಅರ್ಧ ದಾರಿ ಟ್ರ್ಯಾಕ್ಟರ್ ಹೋಗುತ್ತದೆ, ಆಮೇಲೆ ಬರೀ ಕಾಲುದಾರಿ. ಗೊಬ್ಬರ, ನೀರಿನ ಕ್ಯಾನು, ಹುಲ್ಲಿನ ಹೊರೆ ಎಲ್ಲವೂ ನಮ್ಮ ತಲೆ ಮೇಲೇ.

ನಮ್ಮ ಚಿಕ್ಕಪ್ಪನ ಮಗ ಕತ್ತೆ ಹಾಲಿನ ವ್ಯಾಪಾರ ಅಂತ ಯಾರದೋ ಮಾತು ನಂಬಿ ಆರು ಕತ್ತೆ ತಂದಿದ್ದ. ಹಾಲು ಕೊಳ್ಳುತ್ತೇವೆ ಅಂದವರು ಬಾಗಿಲು ಹಾಕಿಕೊಂಡು ಹೋದರು. ಮೇವು ಹಾಕೋಕೆ ಆಗದೆ ಒಂದೊಂದನ್ನೇ ಅಲ್ಲಿ ಇಲ್ಲಿ ಬಿಟ್ಟ. ಅದರಲ್ಲಿ ಗಬ್ಬದ ಕತ್ತೆ ಒಂದು ನಮ್ಮ ಮನೆಗೆ ಬಂತು. ಹೆಸರು ಕೆಂಚಿ. ಯುಗಾದಿ ಕಳೆದ ವಾರ ಮರಿ ಹಾಕಿದಳು. ಗಂಡು. ಬೂದಿ ಬಣ್ಣ, ಬೆನ್ನುದ್ದಕ್ಕೂ ಕಪ್ಪು ಗೆರೆ, ಹೆಗಲ ಮೇಲೆ ಇನ್ನೊಂದು ಅಡ್ಡಗೆರೆ. ಬೂದ ಅಂತ ಕರೆಯುತ್ತೇವೆ.

ಬೂದನಿಗೆ ಈಗ ಎಂಟು ತಿಂಗಳು. ಮರಿ ಇದ್ದಾಗ ನನ್ನ ಮಗ ಅವನ ಜೊತೆ ನಾಯಿಮರಿ ಥರ ಆಡುತ್ತಿದ್ದ. ಮುಂಗಾಲು ಎತ್ತಿ ಹುಡುಗನ ಹೆಗಲ ಮೇಲೆ ಇಡುತ್ತಿತ್ತು, ನಾವೆಲ್ಲ ನಗುತ್ತಿದ್ದೆವು. ಈಗ ಎಪ್ಪತ್ತೆಂಬತ್ತು ಕೆ.ಜಿ. ಇರಬಹುದು. ಹೋದ ಭಾನುವಾರ ಹಾಗೇ ಕಾಲಿಟ್ಟು ಮಗನನ್ನು ಬೀಳಿಸಿತು. ಮೊಣಕೈ ತರಚಿತು. ಕೈಯಲ್ಲಿ ಬಾಳೆಹಣ್ಣಿನ ಸಿಪ್ಪೆ ಕೊಟ್ಟು ರೂಢಿ ಮಾಡಿದೆವು, ಈಗ ಕೈ ಖಾಲಿ ಇದ್ದರೆ ಬೆರಳು ಕಚ್ಚುತ್ತದೆ.

ಅದಕ್ಕಿಂತ ದೊಡ್ಡ ತೊಂದರೆ ಹಗ್ಗದ್ದು. ಕುತ್ತಿಗೆಗೆ ಹಗ್ಗ ಕಟ್ಟಿ ಎಳೆದರೆ ಕಂಬದ ಥರ ನಿಂತುಬಿಡುತ್ತದೆ. ಹೊಲದ ದಾರಿಯಲ್ಲಿ ಸಣ್ಣ ಕಾಲುವೆ ಇದೆ, ಅದರ ಮೇಲೆ ಎರಡು ಚಪ್ಪಡಿ ಕಲ್ಲು. ಕೆಂಚಿ ಆರಾಮಾಗಿ ದಾಟುತ್ತಾಳೆ. ಬೂದ ಅಲ್ಲಿಗೆ ಬಂದರೆ ಮುಗಿಯಿತು. ನಮ್ಮ ಮಾವ ಹಳೇ ಕಾಲದವರು. ಮುಂದೆ ನಾನು ಎಳೆಯಬೇಕು, ಹಿಂದೆ ಅವರು ಹುಣಸೆ ಬರಲಲ್ಲಿ ಹೊಡೆಯಬೇಕು ಅಂದರು. ಹಾಗೇ ಮಾಡಿದೆವು. ಮರಿ ಮಂಡಿಯೂರಿ ಬಿತ್ತು, ಎರಡೂ ಮಂಡಿಯಲ್ಲಿ ರಕ್ತ. ಆವತ್ತು ನನಗೆ ಊಟ ಸೇರಲಿಲ್ಲ. ಅಲ್ಲಿಂದ ಮಾವನ ಹೆಗಲ ಟವೆಲ್ ಕಂಡರೂ ಹಿಂದೆ ಹಿಂದೆ ಹೋಗುತ್ತದೆ.

ನನಗೆ ಇವನು ಬರೀ ದುಡಿಯುವ ಜೀವ ಅಲ್ಲ. ಹುಟ್ಟಿದ ರಾತ್ರಿ ಮೈ ಒರೆಸಿದವಳು ನಾನು. ಹೊಡೆಯದೆ ಕಲಿಸೋದು ಹೇಗೆ, ದಯವಿಟ್ಟು ಹೇಳಿ. ಯಾವ ವಯಸ್ಸಿಗೆ ಹೇರು ಹಾಕಬಹುದು? ಇನ್ನೊಂದು ವಿಷಯ, ಸಂಕ್ರಾಂತಿ ಹೊತ್ತಿಗೆ ಕೆಂಚಿಯನ್ನು ಕರೆದುಕೊಂಡು ಹೋಗಿ ಮಾರುತ್ತೇನೆ ಅಂತ ನಮ್ಮಣ್ಣ, ಅದೇ ಚಿಕ್ಕಪ್ಪನ ಮಗ, ಹೇಳುತ್ತಿದ್ದಾನೆ. ಬೂದ ಒಬ್ಬನೇ ಇರುತ್ತಾನಾ?

ನಾಟಿಜೋಡಿ (ಚನ್ನರಾಯಪಟ್ಟಣ)

ಅಮ್ಮ, ನಾನು ಸಾಕಿದ್ದು ಹಳ್ಳಿಕಾರ್ ಎತ್ತುಗಳನ್ನು. ಕತ್ತೆ ಸಾಕಿಲ್ಲ. ನಾವು ಹೋರಿ ಪಳಗಿಸುವಾಗ ಒಂದು ಹಳೇ ಎತ್ತಿನ ಪಕ್ಕ ಕಟ್ಟುತ್ತೇವೆ. ಹಳೇದು ನಡೆದರೆ ಹೊಸದೂ ನಡೆಯುತ್ತದೆ, ಮನುಷ್ಯ ಹೇಳೋ ಕೆಲಸವೇ ಇರೋದಿಲ್ಲ. ತಾಯಿ ಇದ್ದಾಳಲ್ಲ, ಅವಳ ಜೊತೆಗೇ ನಡೆಸಿ ನೋಡಿ. ಆಮೇಲೆ ಮೂಗುದಾರ ಹಾಕಿದರೆ ಹಿಡಿತಕ್ಕೆ ಬರುತ್ತದೇನೋ. ಕತ್ತೆಗೂ ಹಾಕುತ್ತಾರಾ, ತಿಳಿದವರು ಹೇಳಲಿ. ಮಂಡಿ ಗಾಯಕ್ಕೆ ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚಿ.

ಕೆರೆಯಂಗಳ (ಹಿರಿಯೂರು)

ತಂಗಿ, ಮೂಗುದಾರ ಮಾತ್ರ ಬೇಡ. ಅಣ್ಣ ಒಳ್ಳೇ ಮನಸ್ಸಿಂದ ಕೇಳಿದ್ದಾರೆ, ಆದರೆ ಕತ್ತೆಗೆ ಅದು ಆಗೋದಿಲ್ಲ. ತಾಯಿ ಜೊತೆ ನಡೆಸಿ ಅಂದರಲ್ಲ, ಆ ಮಾತು ಬಂಗಾರ.

ನಾವು ಮಡಿವಾಳರು. ನಮ್ಮಪ್ಪನ ಹತ್ತಿರ ಐದು ಕತ್ತೆ ಇದ್ದವು. ಮನೆ ಮನೆ ಬಟ್ಟೆ ಗಂಟು ಕಟ್ಟಿ ಕೆರೆಗೆ ಹೊಡೆದುಕೊಂಡು ಹೋಗೋದು, ಉಬ್ಬೆ ಹಾಕಿ, ಅಂದರೆ ಬಟ್ಟೆ ಬೇಯಿಸಿ, ಒಗೆದು ಸಂಜೆಗೆ ವಾಪಸ್. ಎಂಟು ವರ್ಷಕ್ಕೇ ಕತ್ತೆಗಳ ಹಿಂದೆ ನಡೆದವಳು ನಾನು. ಈಗ ನನಗೆ 58. ಮನೆಯಲ್ಲಿ ಕತ್ತೆ ಇಲ್ಲದೆ ಮೂವತ್ತು ವರ್ಷ ದಾಟಿತು. ನಿಮ್ಮ ಬರಹ ಓದಿ ಮೂಗಿಗೆ ಆ ಕೊಟ್ಟಿಗೆ ವಾಸನೆ ಬಂತು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಒಂದು ಮಾತು. ನಿಂತ ಕತ್ತೆ ಹಟ ಮಾಡುತ್ತಿದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಇಲ್ಲ, ಅದು ನೋಡುತ್ತಿದೆ. ಕುದುರೆ ಹೆದರಿದರೆ ಓಡುತ್ತದೆ, ಕತ್ತೆ ಹೆದರಿದರೆ ನಿಲ್ಲುತ್ತದೆ. ಕಲ್ಲುಗುಡ್ಡದ ಬರಗಾಡಿನಿಂದ ಬಂದ ಜೀವ ಅದು. ಅಂಥ ಜಾಗದಲ್ಲಿ ಕಣ್ಣುಮುಚ್ಚಿ ಓಡಿದರೆ ಕಾಲು ಮುರಿಯುತ್ತದೆ. ನಿಂತು, ನೋಡಿ, ಮೂಸಿ, ಆಮೇಲೆ ಹೆಜ್ಜೆ ಇಡೋದು ಅದರ ರಕ್ತದಲ್ಲೇ ಇದೆ. ಅದು ನೋಡುತ್ತಿರುವಾಗ ಹಿಂದಿಂದ ಹೊಡೆದರೆ ಮುಂದೆಯೂ ಭಯ, ಹಿಂದೆಯೂ ಭಯ. ಪಾಪ, ಎಲ್ಲಿಗೆ ಹೋಗಬೇಕು ಅದು?

ನೆನಪಿನ ಶಕ್ತಿಯೂ ಜಾಸ್ತಿ. ನಮ್ಮಲ್ಲಿ ಕರಿಯ ಅಂತ ಒಂದು ಕತ್ತೆ, ಕೆರೆ ಸೋಪಾನದ ಎಡಗಡೆ ಒಗೆಯುವ ಕಲ್ಲಿನ ಹತ್ತಿರ ಒಂದು ಸಲ ಕಾಲು ಜಾರಿ ಬಿತ್ತು. ಮೂರು ವರ್ಷ ಆ ಕಲ್ಲಿನ ಹತ್ತಿರ ಬರಲಿಲ್ಲ. ದಿನಾ ಸುತ್ತು ಹಾಕಿಕೊಂಡೇ ನೀರಿಗೆ ಇಳಿಯುತ್ತಿತ್ತು. ನಿಮ್ಮ ಬೂದನಿಗೆ ಈಗ ಚಪ್ಪಡಿ ಅಂದರೆ ಮಂಡಿ ಗಾಯ. ಅದಕ್ಕೆ ಹೇಳೋದು, ಒಂದು ತಿಂಗಳು ಆ ಕಡೆ ಕರೆದುಕೊಂಡು ಹೋಗಲೇ ಬೇಡಿ. ಗಾಯ ಪೂರ್ತಿ ಆರಲಿ.

ನಿಮ್ಮ ಮಾವನಿಗೆ ಒಂದು ಕೆಲಸ ಕೊಡಿ. ಬೆಳಿಗ್ಗೆ ಬೂದನ ಮುಂದೆ ರಾಗಿ ಹುಲ್ಲು ಹಾಕಬೇಕು, ಮಾತಾಡದೆ ವಾಪಸ್ ಬರಬೇಕು. ಅಷ್ಟೇ. ಮುಟ್ಟೋಕೆ ಹೋಗಬಾರದು, ಕರೆಯಬಾರದು. ಟವೆಲ್ ಹೆಗಲ ಮೇಲೇ ಇರಲಿ. ಟವೆಲ್ ಬಂದರೆ ಹುಲ್ಲು ಬರುತ್ತದೆ ಅಂತ ಅವನಿಗೇ ಗೊತ್ತಾಗುತ್ತದೆ. ಹಿರಿಯರಿಗೂ ಮನಸ್ಸಿಗೆ ಸಮಾಧಾನ ಆಗುತ್ತದೆ, ನೋಡಿ. ಅವರೂ ಬೇಕು ಅಂತ ಮಾಡಿದ್ದಲ್ಲ.

ನೀವು ಸಂಜೆ ಹಾಲು ಕರೆದಾದ ಮೇಲೆ ಹತ್ತು ನಿಮಿಷ ಕೊಟ್ಟಿಗೆಯಲ್ಲಿ ಸುಮ್ನೆ ಕೂತುಕೊಳ್ಳಿ. ಅವನಾಗೇ ಬಂದು ಮೂಸುತ್ತಾನೆ. ಮುಟ್ಟುವಾಗ ಹಣೆಗೆ ಕೈ ಹಾಕಬೇಡಿ. ಕಣ್ಣು ಪಕ್ಕದಲ್ಲಿ ಇರೋದರಿಂದ ಮೂಗಿನ ಮುಂದೆ ನೇರಕ್ಕೆ ಬಂದದ್ದು ಅವನಿಗೆ ಕಾಣೋದಿಲ್ಲ. ಬಾಲದ ಹಿಂದೆಯೂ ಹಾಗೇ. ಹೆಗಲ ಪಕ್ಕದಿಂದ ಹೋಗಿ. ಕುತ್ತಿಗೆ ಬೆನ್ನಿಗೆ ಸೇರುವ ಜಾಗದಲ್ಲಿ, ಆ ಅಡ್ಡಗೆರೆ ಇದೆಯಲ್ಲ ಅಲ್ಲಿ, ಬೆರಳಲ್ಲಿ ಚೆನ್ನಾಗಿ ಕೆರೆಯಿರಿ. ಸರಿಯಾದ ಜಾಗ ಸಿಕ್ಕರೆ ಮೇಲ್ದುಟಿ ಉದ್ದ ಮಾಡಿ ನಡುಗಿಸುತ್ತಾನೆ. ಅದನ್ನು ನೋಡೋದೇ ಒಂದು ಸುಖ. ಅದೇ ಅವನಿಗೆ ಕೊಡುವ ಬಹುಮಾನ. ಕೈಯಲ್ಲಿ ತಿನ್ನಿಸೋದನ್ನು ಇವತ್ತಿಂದ ನಿಲ್ಲಿಸಿ. ಏನೇ ಕೊಟ್ಟರೂ ಮಂಕರಿಗೆ ಹಾಕಿ.

ಮೈಮೇಲೆ ಹತ್ತೋದಕ್ಕೆ ಬೈಯೋದೂ ಬೇಡ, ತಳ್ಳೋದೂ ಬೇಡ. ಗಂಡು ಮರಿಗಳು ಒಂದಕ್ಕೊಂದು ಹಾಗೇ ಹತ್ತಿ ಕುಸ್ತಿ ಆಡುತ್ತವೆ. ನೀವು ತಳ್ಳಿದರೆ ಕುಸ್ತಿಗೆ ಬಂದಿರಿ ಅಂದುಕೊಳ್ಳುತ್ತಾನೆ. ಕಾಲು ಎತ್ತೋ ಮುಂಚೆ ಪಕ್ಕಕ್ಕೆ ಸರಿದು ಬೆನ್ನು ತಿರುಗಿಸಿ ಹೊರಗೆ ಬನ್ನಿ. ನಾಲ್ಕೂ ಕಾಲು ನೆಲದ ಮೇಲೆ ಇದ್ದಾಗ ಮಾತ್ರ ಕೆರೆಯೋದು. ಮಗ ಸದ್ಯಕ್ಕೆ ಒಬ್ಬನೇ ಒಳಗೆ ಹೋಗೋದು ಬೇಡ. ಮನೆಯಲ್ಲಿ ಎಲ್ಲರೂ ಒಂದೇ ಥರ ಇರಬೇಕು ತಂಗಿ. ಒಬ್ಬರು ನಕ್ಕು ಒಬ್ಬರು ಬೈದರೆ ಮರಿಗೆ ತಲೆ ಕೆಡುತ್ತದೆ.

ಇನ್ನು ಹಗ್ಗ. ಕುತ್ತಿಗೆಗೆ ಬೇಡ, ಗಂಟಲು ಬಿಗಿಯುತ್ತದೆ. ಮುಖಕ್ಕೆ ಹಾಕುವ ಹಗ್ಗ, ಹಾಲ್ಟರ್ ಅಂತಾರಲ್ಲ, ಅದು ಬೇಕು. ಮೆತ್ತನೆ ಹತ್ತಿ ಹಗ್ಗದ್ದು ಒಳ್ಳೇದು. ಸಣ್ಣ ನೈಲಾನ್ ಹಗ್ಗ ಚರ್ಮ ಕೊಯ್ಯುತ್ತದೆ. ಎರಡು ದಿನ ಮೂಸೋಕೆ ಬಿಡಿ. ಹಾಕುವಾಗ ಕಿವಿ ಮಡಚಬೇಡಿ, ಕತ್ತೆಗೆ ಕಿವಿ ಹಿಡಿದರೆ ಆಗೋದಿಲ್ಲ. ನೀವು ಹತ್ತಿರ ಇಲ್ಲದಾಗ ಬಿಚ್ಚಿಡಿ. ಗೂಟಕ್ಕೆ ಸಿಕ್ಕಿಹಾಕಿಕೊಂಡರೆ ಕುತ್ತಿಗೆ ತಿರುಚಿಕೊಳ್ಳುತ್ತದೆ.

ನಡೆಸುವಾಗ ಮುಂದೆ ನಿಂತು ಎಳೆದರೆ ಅವನೂ ಹಿಂದಕ್ಕೆ ಜಗ್ಗುತ್ತಾನೆ. ನೀವು ಅವನ ಹೆಗಲ ಪಕ್ಕ ನಿಲ್ಲಿ. ‘ಬಾ’ ಅನ್ನಿ. ಹಗ್ಗವನ್ನು ಮುಂದಕ್ಕಲ್ಲ, ಸ್ವಲ್ಪ ಪಕ್ಕಕ್ಕೆ, ಮೆತ್ತಗೆ ಬಿಗಿ ಮಾಡಿ ಹಿಡಿಯಿರಿ. ಜಗ್ಗಬೇಡಿ. ಸುಮ್ನೆ ಹಿಡಿದು ಕಾಯಿರಿ. ಅರ್ಧ ನಿಮಿಷ, ಒಂದು ನಿಮಿಷ ಆಗಲಿ. ಮೈಭಾರ ಪಕ್ಕಕ್ಕೆ ಸರಿದು ಒಂದು ಕಾಲು ಎತ್ತಿಡುತ್ತಾನೆ. ಆ ಕ್ಷಣವೇ ಹಗ್ಗ ಸಡಿಲ ಬಿಡಬೇಕು. ಎರಡು ಎಣಿಸೋದರೊಳಗೆ. ಇಡೀ ವಿದ್ಯೆ ಇರೋದು ಆ ಸಡಿಲ ಬಿಡೋದರಲ್ಲಿ. ಹೆಜ್ಜೆ ಇಟ್ಟರೆ ಬಿಗಿ ಹೋಗುತ್ತದೆ ಅಂತ ಗೊತ್ತಾದರೆ ನಾಲ್ಕನೇ ದಿನಕ್ಕೆ ಹಗ್ಗ ಇದೆ ಅಂತಲೇ ಅನಿಸೋದಿಲ್ಲ. ಹೆಜ್ಜೆ ಇಟ್ಟ ಮೇಲೂ ಎಳೆಯುತ್ತಲೇ ಇದ್ದರೆ ಇಟ್ಟು ಏನು ಪ್ರಯೋಜನ ಅನ್ನುತ್ತದೆ ಅವನ ಮನಸ್ಸು. ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ. ಜಾಸ್ತಿ ಬೇಡ. ಮೂರು ಹೆಜ್ಜೆ ಚೆನ್ನಾಗಿ ಬಂದರೆ ಅಲ್ಲಿಗೆ ನಿಲ್ಲಿಸಿ.

ಕಾಲು ಎತ್ತಿಸೋದನ್ನು ಈಗಲೇ ಶುರು ಮಾಡಿ. ಹೆಗಲಿಂದ ಕೈ ಇಳಿಸುತ್ತಾ ಮೊಣಕಾಲು, ಗೊರಸಿನ ತನಕ ಬನ್ನಿ. ಎತ್ತಿದರೆ ಒಂದು, ಎರಡು ಎಣಿಸಿ ನೀವೇ ಕೆಳಗಿಡಿ. ಅವನು ಕಿತ್ತುಕೊಳ್ಳೋ ಮುಂಚೆ ಇಡಬೇಕು.

ಚಪ್ಪಡಿ ಬಗ್ಗೆ. ಎರಡು ಕಲ್ಲಿನ ನಡುವೆ ಸಂದು ಇದೆಯಾ? ಇದ್ದೇ ಇರುತ್ತದೆ. ಕೆಳಗೆ ಕತ್ತಲು, ನೀರಿನ ಸದ್ದು. ಅವನ ಕಣ್ಣಿಗೆ ಅದು ಎಷ್ಟು ಆಳದ ಹಳ್ಳವೋ. ಆ ಸಂದಿಗೆ ಕಲ್ಲು, ಮಣ್ಣು ತುಂಬಿ. ಮೇಲೆ ಮಣ್ಣು ಹರಡಿ, ನೋಡೋಕೆ ದಾರಿ ಥರವೇ ಇರಲಿ. ಅಲ್ಲಿಗೆ ಹೋಗೋ ಮುಂಚೆ ಮನೆ ಅಂಗಳದಲ್ಲಿ ಗೋಣಿಚೀಲ ಹಾಸಿ ಅದರ ಮೇಲೆ ನಡೆಸಿ. ಆಮೇಲೆ ಒಂದು ಹಲಗೆ ಮೇಲೆ. ಹೊಸ ನೆಲ ಕಚ್ಚೋದಿಲ್ಲ ಅಂತ ಗೊತ್ತಾಗಲಿ. ಚಪ್ಪಡಿಗೆ ಹೋಗುವ ದಿನ ಕೆಂಚಿ ಮುಂದೆ, ಬೂದ ಹಿಂದೆ, ಹಗ್ಗ ಸಡಿಲ. ಹಿಂದೆ ಯಾರೂ ಇರಬಾರದು. ನಿಂತರೆ ನಿಲ್ಲಲಿ. ತಲೆ ತಗ್ಗಿಸಿ ಮೂಸಿದರೆ ಅರ್ಧ ಗೆದ್ದ ಹಾಗೆ. ಆವತ್ತು ಒಂದು ಕಾಲು ಇಟ್ಟು ವಾಪಸ್ ತೆಗೆದರೂ ಸಾಕು, ಮನೆಗೆ ಕರೆದುಕೊಂಡು ಬನ್ನಿ. ಅವಸರ ಇರೋ ದಿನ ಆ ಕಡೆ ಹೋಗಲೇಬೇಡಿ.

ಹೇರಿನ ವಿಷಯ ಬರೆಯೋಕೆ ನನಗೆ ಕಷ್ಟ. ನಮ್ಮಪ್ಪ ಎರಡು ವರ್ಷಕ್ಕೇ ಹೇರು ಹಾಕುತ್ತಿದ್ದ. ಹೋಗುವಾಗ ಒಣ ಬಟ್ಟೆ, ಬರುವಾಗ ಹಸಿ ಬಟ್ಟೆ. ಹಸಿ ಗಂಟಿನ ಭಾರ ಎತ್ತಿದವರಿಗೇ ಗೊತ್ತು. ನಮ್ಮ ಕತ್ತೆಗಳ ಬೆನ್ನು ಬೇಗ ಬಾಗುತ್ತಿತ್ತು, ಬೆನ್ನ ಮೇಲೆ ವಾಸಿಯಾಗದ ಹುಣ್ಣು. ಮೇಯೋಕೆ ಬಿಟ್ಟಾಗ ದೂರ ಹೋಗಬಾರದು ಅಂತ ಮುಂಗಾಲು ಎರಡೂ ಸೇರಿಸಿ ಕಟ್ಟುತ್ತಿದ್ದೆವು, ಅಲ್ಲೂ ಗಾಯ. ಅಪ್ಪ ಕೆಟ್ಟವನಲ್ಲ. ಒಂಬತ್ತು ಜನರ ಹೊಟ್ಟೆ ಇತ್ತು, ವರ್ಷಕ್ಕೊಮ್ಮೆ ಕಣದಲ್ಲಿ ಸಿಗುವ ಕಾಳೇ ಕೂಲಿ. ಕಾಯೋ ಪುರುಸೊತ್ತು ಅವನಿಗೆ ಇರಲಿಲ್ಲ. ರಾತ್ರಿ ಆ ಹುಣ್ಣಿಗೆ ಬೇವಿನೆಣ್ಣೆ ಹಚ್ಚುತ್ತಿದ್ದವನೂ ಅವನೇ. ನಿಮಗೆ ಕಾಯೋಕೆ ಆಗುತ್ತದೆ ತಂಗಿ. ಕಾಯಿರಿ. ಎಷ್ಟು ವರ್ಷ ಅಂತ ಡಾಕ್ಟರ್ ಯಾರಾದರೂ ಇದ್ದರೆ ಹೇಳಲಿ.

ದನದಡಾಕ್ಟ್ರು (ದಾವಣಗೆರೆ, ನಿವೃತ್ತ)

ಕೆರೆಯಂಗಳ ಅವರು ಬರೆದದ್ದನ್ನು ನಾನು ಪ್ರಿಂಟ್ ತೆಗೆದು ಇಟ್ಟುಕೊಂಡಿದ್ದೇನೆ. ನನ್ನ ಕಡೆಯಿಂದ ಕೆಲವು ಮಾತು.

ಮೂಗುದಾರ ಯಾಕೆ ಬೇಡ ಅಂದರೆ, ಕತ್ತೆ, ಕುದುರೆ ಬಾಯಿಂದ ಉಸಿರಾಡೋದಿಲ್ಲ. ಮೂಗೊಂದೇ ದಾರಿ. ಅಲ್ಲಿ ಗಾಯ, ಊತ ಮಾಡಬಾರದು.

ಹೇರಿಗೆ ನಾಲ್ಕು ವರ್ಷ ತುಂಬಲಿ. ಬೆನ್ನುಮೂಳೆ ಬಲಿಯೋದು ಎಲ್ಲಕ್ಕಿಂತ ಕೊನೆಗೆ. ಎರಡು ವರ್ಷಕ್ಕೆ ಖಾಲಿ ಗೋಣಿ ಹಾಕಿ ನಡೆಸಿ, ಅಭ್ಯಾಸಕ್ಕೆ. ದೊಡ್ಡದಾದ ಮೇಲೂ 50 ಕೆ.ಜಿ. ಮೀರಬಾರದು. ಹೇರು ಹೊರುವ ಪ್ರಾಣಿಗಳ ಬಗ್ಗೆ 1965ರಲ್ಲಿ ಬಂದ ಕೇಂದ್ರದ ನಿಯಮದಲ್ಲೂ ಕತ್ತೆಗೆ ಅಷ್ಟೇ ಮಿತಿ. ಬಿಸಿಲು 37 ಡಿಗ್ರಿ ದಾಟಿದರೆ ಮಧ್ಯಾಹ್ನ 12ರಿಂದ 3ರ ತನಕ ದುಡಿಸಬಾರದು ಅಂತಲೂ ಅದರಲ್ಲಿದೆ. ನಿಮ್ಮ ಕಡೆ ಏಪ್ರಿಲ್ ಬಿಸಿಲಿಗೆ ಇದು ನೆನಪಿರಲಿ. ನಿಮ್ಮದು ಬಂಡೆ ದಾರಿ, ಏರು ಬೇರೆ. 50 ಕೂಡ ಜಾಸ್ತಿಯೇ.

ಗಂಡು ಮರಿ ಅಂದಿರಿ. ಬೀಜ ತೆಗೆಸೋದನ್ನು ತಡ ಮಾಡಬೇಡಿ. ಆರು ತಿಂಗಳಿಂದ ಒಂದೂವರೆ ವರ್ಷದ ಒಳಗೆ ಮಾಡಿಸೋದು ಒಳ್ಳೇದು. ತಾಯಿ ಜೊತೆಗೇ ಇರೋದರಿಂದ ಇನ್ನೂ ಬೇಗ ಬೇಕು, ವರ್ಷ ತುಂಬಿದ ಗಂಡು ತಾಯಿ ಮೇಲೇ ಹಾರಬಹುದು. ಹೋರಿಗೆ ಇಕ್ಕಳ ಹಾಕುವ ಹಾಗೆ ಕತ್ತೆಗೆ ಹಾಕಿಸಬೇಡಿ. ಅರಿವಳಿಕೆ ಔಷಧ ಕೊಟ್ಟು ಆಪರೇಷನ್ ಮಾಡಬೇಕು. ಕತ್ತೆಗೆ ಅಲ್ಲಿನ ರಕ್ತನಾಳ ದಪ್ಪ, ದಾರ ಬಿಗಿದೇ ಕತ್ತರಿಸಬೇಕು. ಧನುರ್ವಾಯು ಲಸಿಕೆ ಅದಕ್ಕೂ ಮುಂಚೆ ಆಗಬೇಕು. ಕತ್ತೆ, ಕುದುರೆಗೆ ಧನುರ್ವಾಯು ತಗಲುವ ಅಪಾಯ ದನಕ್ಕಿಂತ ಬಹಳ ಜಾಸ್ತಿ. ಮಂಡಿ ಗಾಯ ಬೇರೆ ಆಗಿದೆ. ಇದು ನಾಳೆಯ ಕೆಲಸ, ಮುಂದಿನ ವಾರದ್ದಲ್ಲ.

ಕೆಂಚಿ ಹಲವು ಕೈ ಬದಲಾಯಿಸಿ ಬಂದಿದ್ದರೆ ಎರಡಕ್ಕೂ ಗ್ಲ್ಯಾಂಡರ್ಸ್ ಪರೀಕ್ಷೆ ಮಾಡಿಸಿ. ಅದು ಮನುಷ್ಯರಿಗೂ ಬರುವ ರೋಗ. ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಕೇಳಿ, ರಕ್ತದ ಮಾದರಿ ಕಳಿಸುವ ವ್ಯವಸ್ಥೆ ಇದೆ.

ಮೇವಿಗೆ ರಾಗಿ ಹುಲ್ಲು, ಜೋಳದ ದಂಟು ಸಾಕು. ಹಿಂಡಿ, ಮುಸುಕಿನ ಜೋಳ ಹಾಕಿ ಕೊಬ್ಬಿಸಬೇಡಿ, ಗೊರಸು ನೋವು ಬರುತ್ತದೆ. ಕೋಳಿ ಫೀಡ್ ಒಂದು ಹಿಡಿಯೂ ಬಾಯಿಗೆ ಸಿಗಬಾರದು. ಅದರಲ್ಲಿ ಮೊನೆನ್ಸಿನ್ ಅನ್ನೋ ಔಷಧ ಇರಬಹುದು, ಕೋಳಿಗೆ ಒಳ್ಳೇದು, ಕತ್ತೆಗೆ ವಿಷ. ಮಳೆಗೆ ಸೂರು ಬೇಕೇ ಬೇಕು, ಕತ್ತೆ ಕೂದಲು ನೀರು ತಡೆಯೋದಿಲ್ಲ. ಗೊರಸನ್ನು ಆರರಿಂದ ಹತ್ತು ವಾರಕ್ಕೊಮ್ಮೆ ಕತ್ತರಿಸಬೇಕು.

ಜ್ವರ ನೋಡುವಾಗ ದನದ ಲೆಕ್ಕ ಹಿಡಿಯಬೇಡಿ. ದನಕ್ಕೆ 38.5 ಡಿಗ್ರಿ ಸಾಮಾನ್ಯ. ದೊಡ್ಡ ಕತ್ತೆಗೆ 37ರ ಆಸುಪಾಸು. ಕೆಂಚಿಗೆ 38.5 ಬಂದರೆ ಅದು ಜ್ವರವೇ. ಕತ್ತೆ ನೋವನ್ನು ತೋರಿಸಿಕೊಳ್ಳೋದಿಲ್ಲ. ಒಂದು ದಿನ ಮೇವು ಬಿಟ್ಟರೆ ಕಾಯಬೇಡಿ, ಡಾಕ್ಟರನ್ನು ಕರೆಸಿ. ಹೊಟ್ಟೆಗಿಲ್ಲದಾಗ ಮೈಯ ಕೊಬ್ಬು ರಕ್ತಕ್ಕೆ ನುಗ್ಗಿ ಪ್ರಾಣಕ್ಕೇ ಬರುತ್ತದೆ. ಜೊತೆಗಾರರನ್ನು ಅಗಲಿಸಿದಾಗಲೂ ಹೀಗಾಗಿದ್ದನ್ನು ನೋಡಿದ್ದೇನೆ. ಕೆಂಚಿಯನ್ನು ಕಳಿಸುವ ಮುಂಚೆ ಇದನ್ನು ಯೋಚಿಸಿ.

ಎಕ್ಸೆಟರ್ ಕನ್ನಡತಿ

ನಾನು ಶಿವಮೊಗ್ಗದವಳು, ಈಗ ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿದ್ದೇನೆ. ಇಲ್ಲಿಂದ ಅರ್ಧ ಗಂಟೆ ದಾರಿಯಲ್ಲಿ ಸಿಡ್‌ಮತ್ ಊರಿನ ಹತ್ತಿರ ಡಾಂಕಿ ಸ್ಯಾಂಕ್ಚುರಿ ಇದೆ, 1969ರಿಂದ ಕತ್ತೆಗಳಿಗೇ ಮೀಸಲು. ಮಕ್ಕಳನ್ನು ಕರೆದುಕೊಂಡು ಆಗಾಗ ಹೋಗುತ್ತೇವೆ. ಅಲ್ಲಿ ಜೋಡಿಯಾದ ಕತ್ತೆಗಳನ್ನು ಬೇರೆ ಮಾಡೋದೇ ಇಲ್ಲ. ಒಂದಕ್ಕೆ ಹುಷಾರಿಲ್ಲದೆ ಆಸ್ಪತ್ರೆಗೆ ಸೇರಿಸಿದರೆ ಜೊತೆಗಾರನೂ ಜೊತೆಗೇ ಹೋಗುತ್ತದೆ. ಒಂದು ಸತ್ತರೆ ಇನ್ನೊಂದನ್ನು ಆ ದೇಹದ ಹತ್ತಿರ ಬಿಡುತ್ತಾರೆ. ಅದು ಮೂಸಿ, ನಿಂತು, ಸಾಕು ಅನಿಸಿ ತಾನಾಗೇ ದೂರ ಹೋಗುವ ತನಕ ದೇಹ ತೆಗೆಯೋದಿಲ್ಲ. ಇಲ್ಲದಿದ್ದರೆ ದಿನಗಟ್ಟಲೆ ಹುಡುಕುತ್ತಾ ಕೂಗುತ್ತದಂತೆ. ಇದನ್ನು ಕೇಳಿದ ದಿನ ನಾನು ಕಾರಿನಲ್ಲಿ ಕೂತು ಅತ್ತಿದ್ದೆ. ದಯವಿಟ್ಟು ಕೆಂಚಿಯನ್ನು ಉಳಿಸಿಕೊಳ್ಳಿ. ಮೇಕೆ ಜೊತೆಗಿದ್ದರೂ ಕತ್ತೆಗೆ ಕತ್ತೆಯೇ ಬೇಕು.

ಹುಣಸೆತೋಪು

ಎಲ್ಲರಿಗೂ ಕೈ ಮುಗಿಯುತ್ತೇನೆ. ಒಂಬತ್ತು ವಾರ ಆಯಿತು. ರಾಗಿ ಕೊಯ್ಲು, ಕಣ, ಆಮೇಲೆ ಸಂಕ್ರಾಂತಿ. ಬರೆಯೋಕೆ ಪುರುಸೊತ್ತೇ ಸಿಗಲಿಲ್ಲ.

ಮೊದಲು ಕೆಂಚಿ ವಿಷಯ. ಕಡಲೆಕಾಯಿ ಮಾರಿದ ದುಡ್ಡು ಕೊಟ್ಟು ಅವಳನ್ನು ಇಟ್ಟುಕೊಂಡೆ. ಡಾಕ್ಟ್ರು ಬರೆದದ್ದನ್ನು ನಮ್ಮಣ್ಣನಿಗೆ ಓದಿ ಹೇಳಿದೆ. ಕೇಳಿದ್ದಕ್ಕಿಂತ ಕಡಿಮೆಗೇ ಕೊಟ್ಟ. ಧನುರ್ವಾಯು ಲಸಿಕೆ ಮಾರನೇ ದಿನವೇ ಆಯಿತು, ತಿಂಗಳು ಬಿಟ್ಟು ಎರಡನೇದೂ ಆಯಿತು. ರಕ್ತದ ವರದಿ ಬಂತು, ಎರಡಕ್ಕೂ ರೋಗ ಇಲ್ಲ. ಬೂದನ ಆಪರೇಷನ್ ಡಿಸೆಂಬರ್ ಕೊನೆಗೆ ಮಾಡಿಸಿದೆವು. ಕೆಂಚಿಯನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡಿದ್ದೆವು.

ಮಾವ ಒಂದು ದಿನವೂ ತಪ್ಪಿಸದೆ ಹುಲ್ಲು ಹಾಕಿದರು. ಮೊದಲ ವಾರ ಬೂದ ಗೋಡೆಗೆ ಅಂಟಿಕೊಂಡು ನಿಲ್ಲುತ್ತಿದ್ದ, ಅವರು ಹೋದ ಮೇಲೇ ತಿನ್ನುತ್ತಿದ್ದ. ಹತ್ತೊಂಬತ್ತನೇ ದಿನ ಬಂದು ಟವೆಲ್ ಮೂಸಿದ. ಮಾವ ಅಲುಗಾಡದೆ ನಿಂತುಕೊಂಡರು. ನಾನು ಹಿತ್ತಲ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಆವತ್ತು ಅವರೇ ಹಾರೆ ತೆಗೆದುಕೊಂಡು ಹೋಗಿ ಚಪ್ಪಡಿ ಸಂದಿಗೆ ಕಲ್ಲು, ಮಣ್ಣು ತುಂಬಿ ಬಂದರು. ನಾನು ಹೇಳಿರಲಿಲ್ಲ.

ಹಗ್ಗ ಸಡಿಲ ಬಿಡೋದು ನನಗೇ ಕಲಿಯೋಕೆ ಕಷ್ಟ ಆಯಿತು ಅಕ್ಕ. ಅವನು ಹೆಜ್ಜೆ ಇಟ್ಟ ತಕ್ಷಣ ಖುಷಿಗೆ ಇನ್ನೊಂದು ಸಲ ಎಳೆದುಬಿಡುತ್ತಿದ್ದೆ. ಕೊನೆಗೆ ಮಗ ಪಕ್ಕದಲ್ಲಿ ನಿಂತು ‘ಬಿಡಮ್ಮಾ’ ಅಂತ ಕೂಗೋದು, ನಾನು ಬಿಡೋದು. ಆರನೇ ದಿನಕ್ಕೆ ಅಂಗಳ ಪೂರ್ತಿ ಸುತ್ತಿದ. ಮೈಮೇಲೆ ಹತ್ತೋದು ನಿಂತಿದೆ. ಮಗ ಈಗ ಕುತ್ತಿಗೆ ಕೆರೆಯೋಕೆ ಮಾತ್ರ ಹೋಗುತ್ತಾನೆ, ತುಟಿ ನಡುಗಿಸೋದನ್ನು ಮನೆಗೆ ಬಂದವರಿಗೆಲ್ಲ ತೋರಿಸುತ್ತಾನೆ.

ಚಪ್ಪಡಿಗೆ ನಾಲ್ಕು ಸಲ ಹೋದೆವು. ಮೊದಲ ದಿನ ಹತ್ತು ಮಾರು ದೂರದಲ್ಲೇ ನಿಂತ. ನಾನೂ ನಿಂತೆ, ವಾಪಸ್ ಬಂದೆವು. ಎರಡನೇ ದಿನ ಮೂಸಿದ. ಮೂರನೇ ದಿನ ಮಳೆ ಹನಿ ಬಂತು, ಅರ್ಧಕ್ಕೇ ತಿರುಗಿದೆವು. ನಾಲ್ಕನೇ ದಿನ ಕೆಂಚಿ ದಾಟಿ ಆ ಕಡೆ ಬೇಲಿ ಸೊಪ್ಪಿಗೆ ಬಾಯಿ ಹಾಕಿದಳು. ಬೂದ ಬಹಳ ಹೊತ್ತು ನಿಂತ. ಒಂದು ಕಾಲಿಟ್ಟ, ತೆಗೆದ, ಮತ್ತೆ ಇಟ್ಟ. ಆಮೇಲೆ ನಾಲ್ಕೂ ಕಾಲು ಒಂದೇ ಸಲ ಎತ್ತಿ ದುಡುದುಡು ಓಡಿ ದಾಟಿಬಿಟ್ಟ. ನಾನು ಅಲ್ಲೇ ಕಲ್ಲಿನ ಮೇಲೆ ಕೂತೆ. ಈಗ ದಿನಾ ದಾಟುತ್ತಾನೆ, ಓಡದೆ.

ಒಂದು ಪ್ರಶ್ನೆ ಉಳಿದಿದೆ. ಮೂರು ಕಾಲು ಚೆನ್ನಾಗಿ ಕೊಡುತ್ತಾನೆ. ಹಿಂದಿನ ಎಡಗಾಲು ಮಾತ್ರ ನಾಲ್ಕು ದಿನದಿಂದ ಮುಟ್ಟೋಕೂ ಬಿಡುತ್ತಿಲ್ಲ. ನಿನ್ನೆ ಒದೆಯೋಕೆ ಬಂದ. ಮತ್ತೆ ಮೊದಲಿಂದ ಶುರು ಮಾಡಲಾ?

ಕೆರೆಯಂಗಳ

ನಾಲ್ಕು ದಿನದಿಂದ ಅಂದರೆ ಕಲಿಕೆ ಮರೆತದ್ದಲ್ಲ ತಂಗಿ. ಆ ಕಾಲಲ್ಲಿ ಏನೋ ಇದೆ. ಒಬ್ಬರು ಹೆಗಲ ಹತ್ತಿರ ನಿಂತು ಕೆರೆಯುತ್ತಾ ಇರಲಿ. ನೀವು ಬೆಳಕಿನಲ್ಲಿ ಗೊರಸಿನ ಅಡಿ ನೋಡಿ, ನಡುವಿನ ಮೆತ್ತನೆ ಜಾಗ. ಒತ್ತಬೇಡಿ, ನೋಡಿ ಮಾತ್ರ.

ಹುಣಸೆತೋಪು

ಬಳ್ಳಾರಿ ಜಾಲಿ ಮುಳ್ಳು ಅಕ್ಕ. ಅರ್ಧ ಬೆರಳು ಉದ್ದ, ಒಳಗೇ ಮುರಿದಿತ್ತು. ಮಾವ ಕುತ್ತಿಗೆ ಕೆರೆಯುತ್ತಾ ನಿಂತರು. ನಮ್ಮ ಕೈಲಿ ಆಗಲಿಲ್ಲ, ಡಾಕ್ಟರನ್ನು ಕರೆಸಿ ತೆಗೆಸಿದೆವು. ಸ್ವಲ್ಪ ಕೀವು ಬಂತು. ಒದೆಯಲಿಲ್ಲ.

ದನದಡಾಕ್ಟ್ರು

ಲಸಿಕೆ ಎರಡೂ ಆಗಿದ್ದು ಒಳ್ಳೇದಾಯಿತು. ದಿನಕ್ಕೆರಡು ಸಲ ಬಿಸಿನೀರಿಗೆ ಉಪ್ಪು ಹಾಕಿ ಗೊರಸು ಅದ್ದಿಸಿ, ಒರೆಸಿ, ಒಣ ನೆಲದಲ್ಲಿ ಕಟ್ಟಿ. ಐದು ದಿನ ಚಪ್ಪಡಿ ಕಡೆ ಬೇಡ. ಕುಂಟು ಕಡಿಮೆ ಆಗದಿದ್ದರೆ ಮೂರನೇ ದಿನಕ್ಕೇ ಬರೆಯಿರಿ.